ಹಂಪಿ ರಥದ ಮೇಲೆ ಏನಿತ್ತು?

ಹಂಪಿಯ ಕಲ್ಲಿನ ರಥದ ಮುಂದೆ ನಾನೂ ನಲವತ್ತು ಫೋಟೋ ತೆಗೆದೆ. ಎಲ್ಲದರಲ್ಲೂ ನಾನೇ ಇದೀನಿ, ರಥ ಬರೀ ಬ್ಯಾಕ್‌ಗ್ರೌಂಡ್!

ರಜೆ ಮುಗಿದ ಮೇಲೆ, ಸುಮ್ನೆ ಖುಷಿಗೆ ಅಂತ ಹಂಪಿ ಬಗ್ಗೆ ಒಂದು ಪುಸ್ತಕ ಹಿಡಿದೆ. ಅದರಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ತೆಗೆದ ಫೋಟೋ ಇತ್ತು. ಅವರೂ ನಮ್ಮ ಹಾಗೇ ಹವ್ಯಾಸಿ. ಮೇಣ ಹಚ್ಚಿದ ಕಾಗದವೇ ಅವರ ನೆಗೆಟಿವ್. ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗ ಅದಿಲ್ಲ.

ನನ್ನ ಫೋಟೋಗಳನ್ನ ನೂರು ವರ್ಷ ಬಿಟ್ಟು ನೋಡಿದವರಿಗೆ ಏನು ಸಿಗುತ್ತೆ? ನನ್ನ ಕೂಲಿಂಗ್ ಗ್ಲಾಸ್, ಅಷ್ಟೇ.

ಅದಕ್ಕೇ ಈಗ ಎರಡು ರಜೆಗಳ ನಡುವೆ ಮುಂದಿನ ಊರಿನ ಬಗ್ಗೆ ಓದ್ತೀನಿ. ಹೋದಲ್ಲಿ ಸೆಲ್ಫಿ ಇರಲಿ. ಜೊತೆಗೆ ದೂರ ನಿಂತು, ಎಲ್ಲ ಕಾಣೋ ಹಾಗೆ ಒಂದು ಫೋಟೋ, ತಾರೀಖಿನ ಸಮೇತ. ನೀವೂ ಟ್ರೈ ಮಾಡಿ.