ಹಸಿ ಗೋಡೆಯ ಮೇಲಿನ ಬಣ್ಣ
(ಸಂತ ಅಲೋಶಿಯಸ್ ಗೊನ್ಸಾಗರ ಹಬ್ಬದ ಪ್ರಬೋಧನೆ, ಜೂನ್ 21)



ಕದ್ರಿ ಗುಡ್ಡದಿಂದ ಪಡುವಣಕ್ಕೆ ನೋಡಿದರೆ ಕಟ್ಟಡಗಳ ಸಂದಿಯಲ್ಲಿ ಇಂದಿಗೂ ಕಡಲು ಕಾಣುತ್ತದೆ. ಜೂನ್ ತಿಂಗಳಲ್ಲಿ ಅದರ ಬಣ್ಣ ನೀಲಿಯಲ್ಲ, ಬೂದಿ. ಯಾಂತ್ರಿಕ ದೋಣಿಗಳು ಧಕ್ಕೆಯಲ್ಲಿ ಸಾಲಾಗಿ ನಿಂತಿವೆ.

ಇಂತಹ ಕಡಲನ್ನು ಮತ್ತೆ ಮತ್ತೆ ಬಿಡಿಸಿದ ಪೋಲಂಡಿನ ಚಿತ್ರಕಾರರೊಬ್ಬರಿದ್ದರು, ಶ್ಲೆವಿನ್ಸ್ಕಿ. 1856ರಲ್ಲಿ ಹುಟ್ಟಿದ ಇವರು ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಬಂಡೆ, ನೊರೆ, ಅಲೆಗಳನ್ನು ಚಿತ್ರಿಸಿದರು. ಅವರಿಗಿಂತ ಮುಂಚೆಯೇ ಇಂಪ್ರೆಷನಿಸ್ಟ್ ಚಿತ್ರಕಾರರು ಮನೆಯೊಳಗಿನಿಂದ ಹೊರಗೆ ಬಂದು, ಆ ಗಳಿಗೆಯ ಬೆಳಕನ್ನು ಆ ಗಳಿಗೆಯಲ್ಲೇ ಹಿಡಿಯಲು ಕಲಿಸಿದ್ದರು.

ಸರಿಸುಮಾರು ಅದೇ ಕಾಲದಲ್ಲಿ, ಶ್ಲೆವಿನ್ಸ್ಕಿಯವರಿಗಿಂತ ಎರಡು ವರ್ಷ ಹಿರಿಯರಾದ ಇನ್ನೊಬ್ಬ ಚಿತ್ರಕಾರರು ನಮ್ಮ ಮಂಗಳೂರಿನಲ್ಲಿ ಕಡಲಿಗೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದರು. ಅವರು ಇಟಲಿಯ ಬೆರ್ಗಮೊ ಬಳಿಯವರಾದ ಬ್ರದರ್ ಆಂಟೋನಿಯೋ ಮೊಸ್ಕೇನಿ. ಹೆಸರು ಗಳಿಸಿದ್ದ ಈ ಕಲಾವಿದರು 1889ರಲ್ಲಿ ಯೇಸುಸಭೆಗೆ ಸೇರಿದರು. ಗುರುಗಳಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಮಾಡುಗಳನ್ನು ಅವರು ಚಿತ್ರಗಳಿಂದ ತುಂಬಿಸಿದ್ದು 1899ರಿಂದ 1901ರ ನಡುವೆ. ದುಬಾಯಿಯಿಂದ ನೆಂಟರು ಬಂದಾಗ ಮಾತ್ರ ನಾವು ಅಲ್ಲಿಗೆ ಹೋಗುತ್ತೇವೆ, ಅದೂ ಹತ್ತು ನಿಮಿಷ!

ಫ್ರೆಸ್ಕೋ ಚಿತ್ರಕ್ಕೆ ಗೋಡೆಯ ಸುಣ್ಣದ ಗಾರೆ ಹಸಿಯಾಗಿರಬೇಕು. ಒಣಗುವ ಮೊದಲೇ ಬಣ್ಣ ಹಚ್ಚಿದರೆ ಅದು ಗೋಡೆಯೊಳಗೆ ಇಳಿದು ಅದರ ಭಾಗವಾಗುತ್ತದೆ. ಆದ್ದರಿಂದ ಆ ದಿನಕ್ಕೆ ಬಳಿದ ಗಾರೆಯ ಕೆಲಸ ಆ ದಿನವೇ ಮುಗಿಯಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

ಆ ಮಾಡಿನ ಚಿತ್ರಗಳಲ್ಲಿ ಒಂದರ ಕೆಳಗೆ ಸ್ವಲ್ಪ ಹೊತ್ತು ನಿಲ್ಲೋಣ. ರೋಮ್ ನಗರದಲ್ಲಿ ಅಲೋಶಿಯಸ್ ಪ್ಲೇಗ್ ಪೀಡಿತರ ಸೇವೆ ಮಾಡುತ್ತಿದ್ದಾರೆ. ಅರಮನೆಯ ಮಗ ಅವರು. ರೋಗಿಗಳ ವಾಸನೆ, ಹುಣ್ಣು ಅವರಿಗೂ ಅಸಹ್ಯವಾಗಿದ್ದವು, ಸಂತರೆಂದು ಮೂಗು ಬೇರೆಯಿರಲಿಲ್ಲ. ಆದರೂ ಬೀದಿಯಲ್ಲಿ ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ಸೇರಿಸಿದರು. ರೋಗ ಅವರಿಗೂ ತಗಲಿತು. 1591ರ ಜೂನ್ 21ರಂದು ತೀರಿಕೊಂಡಾಗ ಅವರಿಗೆ 23 ವರ್ಷ. ಇಂದು ನಮ್ಮ ಮನೆಯ ಹುಡುಗನೊಬ್ಬ ವೀಸಾ ಕಾಯುವ ವಯಸ್ಸು.

2020ರಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಲು ನಾವೂ ಹೆದರಿದ್ದೆವು. ಆ ಹೆದರಿಕೆ ಪಾಪವೇನಲ್ಲ. ಕಾಯಿಲೆ ಹೋದ ಮೇಲೂ ಬಾಗಿಲು ಹಾಗೇ ಉಳಿದಿದೆಯೇ ಎನ್ನುವುದು ಪ್ರಶ್ನೆ. ಮಕ್ಕಳು ಪರದೇಶದಲ್ಲಿ, ವಯಸ್ಸಾದ ತಾಯಿ ನಾಲ್ಕನೇ ಮಾಳಿಗೆಯಲ್ಲಿ ಒಬ್ಬರೇ; ಇಂತಹ ಮನೆಗಳು ಕದ್ರಿ, ಬಿಜೈ, ಬೆಂದೂರು ಕಡೆ ನಮಗೆಲ್ಲ ಗೊತ್ತು. ಅವರಿಗೆ ಔಷಧಿಯ ಚೀಟಿ ಓದಿ ಹೇಳಲು ಒಬ್ಬರು ಬೇಕು. ಕಟ್ಟಿದ ಕೆಮ್ಮು ಕೇಳಿಸಿಕೊಂಡು ಕುಳಿತುಕೊಳ್ಳಲು ಒಬ್ಬರು ಬೇಕು.

ಮೊಸ್ಕೇನಿಯವರು 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ನಿಧನರಾದರು. ಅವರು ಅಲ್ಲಿ ಚಿತ್ರ ಬಿಡಿಸುತ್ತಿದ್ದ ಸಾಂತಾಕ್ರೂಜ್ ದೇವಾಲಯದ ಪವಿತ್ರೀಕರಣ ನಡೆದದ್ದು ಅವರ ಮರಣದ ಕೆಲವೇ ದಿನಗಳ ನಂತರ.

ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುವವರ ಪಟ್ಟಿ ಬಲಿಪೂಜೆಯ ನಂತರ ವಾರ್ಡಿನ ಗುರಿಕಾರರ ಬಳಿ ಇರುತ್ತದೆ. ಅದರಲ್ಲಿ ಮೂರು ಸಾಲು ಇನ್ನೂ ಖಾಲಿ ಇವೆ.