ಅಟ್ಟದ ಮೇಲಿನ ಕ್ಯಾಸೆಟ್: ಆಟ ನಮ್ಮದು, ಹಕ್ಕು ಯಾರದು?

(ಬಸವನಗುಡಿಯ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕ್ಯಾಸೆಟ್ ಎಂದೊಡನೆ ಇಲ್ಲಿರುವ ಹಿರಿಯರಿಗೆ ಭಾವಗೀತೆಗಳು ನೆನಪಾಗಬಹುದು. ಆದರೆ 1990ರ ದಶಕದಲ್ಲಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಆ ಪದಕ್ಕೆ ಇನ್ನೊಂದು ಅರ್ಥವೂ ಇತ್ತು. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಯಂತ್ರದ ತಂತಿಯನ್ನು ಟಿ.ವಿ.ಗೆ ಜೋಡಿಸಿದರೆ ಮಾರಿಯೊ ಓಡುತ್ತಿದ್ದ, ಕಾಂಟ್ರಾದ ಸೈನಿಕರು ಗುಂಡು ಹಾರಿಸುತ್ತಿದ್ದರು. ಅದರೊಳಗೆ ಟೇಪೂ ಇಲ್ಲ, ಸುರುಳಿಯೂ ಇಲ್ಲ. ಹಾಗಿದ್ದರೂ ಕ್ಯಾಸೆಟ್ ಎಂದು ಕರೆದದ್ದು ತಪ್ಪೇನಲ್ಲ. ಅಮೆರಿಕದವರು ಕಾರ್ಟ್ರಿಜ್ ಎಂದರೂ, ಆ ಯಂತ್ರ ಹುಟ್ಟಿದ ಜಪಾನಿನಲ್ಲಿ ಮಕ್ಕಳು ಅದನ್ನು ‘ಕಸೆಟ್ಟೊ’ ಎಂದೇ ಕರೆದರು.

ನಾನು ಹುಟ್ಟಿ ಬುದ್ಧಿ ಬರುವ ಹೊತ್ತಿಗೆ ಈ ಡಬ್ಬಿಗಳೆಲ್ಲ ಅಟ್ಟ ಸೇರಿಯಾಗಿತ್ತು. ಈಗ ಹಳೆಯ ಮನೆಗಳು ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಅಟ್ಟ ಖಾಲಿ ಮಾಡುವಾಗ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಹಿಡಿದು ಜನ ಕೇಳುವ ಪ್ರಶ್ನೆಗಳು ಎರಡು. ಇದನ್ನು ಮತ್ತೆ ಆಡಲು ಸಾಧ್ಯವೆ? ಆಡಿದರೆ ಕಾನೂನಿನ ಅಡ್ಡಿ ಇದೆಯೆ? ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ನಾವು ಎಣಿಸಿದ್ದಕ್ಕಿಂತ ತೊಡಕಿನದು.

ಯಂತ್ರದಿಂದಲೇ ಆರಂಭಿಸೋಣ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಜನ ಅದನ್ನು ಫ್ಯಾಮಿಕಾಮ್ ಎಂದು ಮೊಟಕುಗೊಳಿಸಿದರು. ನಮ್ಮ ದೇಶದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಬಂದವು ಸಾಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮೊದಲಾದ ಹೆಸರಿನ ಪೆಟ್ಟಿಗೆಗಳು. ಹೊರಗಿನ ರೂಪ ಬೇರೆಯಾದರೂ ಒಳಗಿನ ಕಟ್ಟು ಫ್ಯಾಮಿಕಾಮ್‌ನದೇ. ಎಸ್.ಪಿ. ರಸ್ತೆ, ಮೆಜೆಸ್ಟಿಕ್ ಸುತ್ತಿನ ನ್ಯಾಷನಲ್ ಮಾರ್ಕೆಟ್‌ಗಳಿಗೆ ಬೇಸಿಗೆ ರಜೆಯಲ್ಲಿ ಅಪ್ಪಂದಿರನ್ನು ಎಳೆದುಕೊಂಡು ಹೋದ ಮಕ್ಕಳು ಇಂದು ನಲವತ್ತರ ಆಸುಪಾಸಿನವರು.

ಆ ಯಂತ್ರದ ಶಕ್ತಿ ಎಷ್ಟು ಅಲ್ಪವಾಗಿತ್ತು ಎಂಬುದನ್ನು ನೋಡಿ. ಅದರ ಮೆದುಳು ‘6502’ ಎಂಬ ಚಿಪ್ಪಿನ ಮಾದರಿಯದು. ಸೆಕೆಂಡಿಗೆ ಸುಮಾರು 18 ಲಕ್ಷ ಬಡಿತ. ಕೆಲಸದ ನೆನಪು ಬರೀ 2 ಕಿಲೋಬೈಟ್. ಪರದೆಯ ಮೇಲೆ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟ ಇಡಿಯಾಗಿ 40 ಕಿಲೋಬೈಟಿನಲ್ಲಿ ಅಡಗಿತ್ತು. ಇಂದು ನಾವು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದು.

ಕ್ಯಾಸೆಟ್ಟಿನೊಳಗೆ ಮುಖ್ಯವಾಗಿ ಎರಡು ಬಗೆಯ ಮಾಹಿತಿ ಇರುತ್ತದೆ. ಒಂದು ಆಟದ ಆಜ್ಞೆಗಳು, ಇನ್ನೊಂದು ಚಿತ್ರಗಳು. ಕ್ಯಾಸೆಟ್ ಓದುವ ಸಣ್ಣ ಉಪಕರಣವೊಂದು ಈ ಮಾಹಿತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಕಂಪ್ಯೂಟರಿನಲ್ಲಿ ಕಡತವಾಗಿ ಉಳಿಸುತ್ತದೆ. ಅದನ್ನು ರಾಮ್ ಎಂದಲ್ಲ, ‘ರೋಮ್’ ಎಂದು ಕರೆಯುತ್ತಾರೆ. ಇನ್ನು ಎಮ್ಯುಲೇಟರ್ ಎಂಬುದು ಒಬ್ಬ ದುಭಾಷಿ. ಹಳೆಯ ಚಿಪ್ಪಿನ ಒಂದೊಂದು ಆಜ್ಞೆಯನ್ನೂ ಓದಿ, ಆ ಚಿಪ್ಪು ಏನು ಮಾಡುತ್ತಿತ್ತೋ ಅದನ್ನೇ ಇಂದಿನ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಮಾಡಿಸುವುದು ಅದರ ಕೆಲಸ. 1997ರಲ್ಲಿ ಬಂದ ‘ನೆಸ್ಟಿಕಲ್’ ಸಾಮಾನ್ಯ ಕಂಪ್ಯೂಟರುಗಳಲ್ಲೂ ಇದನ್ನು ಸಾಧ್ಯವಾಗಿಸಿತು. ಇಂದು ಮೆಸೆನ್, ಎಫ್‌ಸಿಇಯುಎಕ್ಸ್ ಮೊದಲಾದವು ಉಚಿತವಾಗಿ ಸಿಗುತ್ತವೆ.

ಒಳ್ಳೆಯ ಎಮ್ಯುಲೇಟರ್ ಹಳೆಯ ಯಂತ್ರದ ಕುಂದುಗಳನ್ನೂ ಅನುಕರಿಸುತ್ತದೆ. ಒಂದು ಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರತುಣುಕುಗಳು ಬಂದರೆ ಫ್ಯಾಮಿಕಾಮ್‌ಗೆ ತೋರಿಸಲಾಗುತ್ತಿರಲಿಲ್ಲ, ಶತ್ರುಗಳು ಮಿಣುಕುತ್ತಿದ್ದರು. ಆ ಮಿಣುಕೂ ಹಾಗೆಯೇ ಉಳಿದಿದೆ. ಇನ್ನೊಂದು ವಿಷಯ. ಜಪಾನ್, ಅಮೆರಿಕದ ಟಿ.ವಿ.ಗಳಲ್ಲಿ ಸೆಕೆಂಡಿಗೆ 60 ಚಿತ್ರ ಮೂಡಿದರೆ, ನಮ್ಮ ಪಾಲ್ ಪದ್ಧತಿಯಲ್ಲಿ 50. ಪಾಲ್ ಟಿ.ವಿ.ಗೆಂದು ಮಾಡಿದ ಪೆಟ್ಟಿಗೆಯಲ್ಲಿ ಆಡಿ ಬೆಳೆದವರಿಗೆ ಎಮ್ಯುಲೇಟರಿನಲ್ಲಿ ಮಾರಿಯೊ ಅವಸರದಲ್ಲಿರುವಂತೆ ಕಂಡರೆ ಅಚ್ಚರಿಯಿಲ್ಲ. ಸೆಟ್ಟಿಂಗ್ ಬದಲಿಸಿದರೆ ಹಳೆಯ ನಡಿಗೆ ಮರಳುತ್ತದೆ. ಹಕ್ಕಿಗಳಿಗೆ ಗುರಿಯಿಡುತ್ತಿದ್ದ ಬಂದೂಕು ಮಾತ್ರ ಇಂದಿನ ಚಪ್ಪಟೆ ಟಿ.ವಿ.ಯ ಮುಂದೆ ಕೆಲಸ ಮಾಡದು. ಅದು ಹಳೆಯ ಗಾಜಿನ ಕೊಳವೆಯ ಬೆಳಕನ್ನೇ ನಂಬಿಕೊಂಡ ಸಾಧನ. ಎಮ್ಯುಲೇಟರಿನಲ್ಲಿ ಅದರ ಬದಲಿಗೆ ಮೌಸ್ ಬಳಸಬೇಕು.

ಇನ್ನು ಕಾನೂನಿಗೆ ಬರೋಣ. ಇಲ್ಲಿ ಎಮ್ಯುಲೇಟರ್ ಬೇರೆ, ಆಟದ ಪ್ರತಿ ಬೇರೆ. ಇವೆರಡನ್ನು ಕಲಸಿದರೆ ಗೊಂದಲವೇ ಉಳಿಯುತ್ತದೆ.

ಬೇರೆಯವರ ತಂತ್ರಾಂಶ ಕದಿಯದೆ ಸ್ವಂತವಾಗಿ ಬರೆದ ಎಮ್ಯುಲೇಟರ್ ಅಪರಾಧವಲ್ಲ ಎಂಬ ಮಾತಿಗೆ ಹೆಚ್ಚಾಗಿ ಉದಾಹರಿಸುವುದು 2000ದ ಅಮೆರಿಕದ ತೀರ್ಪನ್ನು. ಸೋನಿಯ ಪ್ಲೇಸ್ಟೇಷನ್ನನ್ನು ಅನುಕರಿಸಿದ ಕನೆಕ್ಟಿಕ್ಸ್ ಕಂಪನಿಯ ಪರವಾಗಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ನಿಂತಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೂ 1999ರಲ್ಲಿ ಕೆಲವು ಉಪಕಲಮುಗಳು ಸೇರಿದವು. ನ್ಯಾಯವಾಗಿ ಪಡೆದ ಪ್ರೋಗ್ರಾಮಿನ ಕಾರ್ಯವಿಧಾನವನ್ನು ಗಮನಿಸಿ, ಪರೀಕ್ಷಿಸಿ, ಅದರೊಂದಿಗೆ ಹೊಂದಿ ನಡೆಯುವ ಬೇರೊಂದನ್ನು ರಚಿಸಲು ಬೇಕಾದ ಮಾಹಿತಿ ಪಡೆಯುವುದಕ್ಕೆ ಅವು ಅವಕಾಶ ಕೊಡುತ್ತವೆ.

ಆಟದ ಪ್ರತಿಯ ಸಂಗತಿ ಹೀಗಲ್ಲ. 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮ್ ನಮ್ಮ ಕಾನೂನಿನಲ್ಲಿ ‘ಸಾಹಿತ್ಯ ಕೃತಿ’ಯ ಸಾಲಿಗೆ ಸೇರಿದೆ. ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಈ ಆಟಗಳನ್ನು ರೂಪಿಸಿದ ಹಲವರು ಇನ್ನೂ ಬದುಕಿದ್ದಾರೆ. ‘ಮಾರಾಟ ನಿಂತಿದೆ, ಆದ್ದರಿಂದ ಯಾರ ಸ್ವತ್ತೂ ಅಲ್ಲ’ ಎಂಬ ಮಾತಿಗಾಗಲಿ, ‘24 ಗಂಟೆ ಇಟ್ಟುಕೊಂಡು ಅಳಿಸಿದರೆ ತಪ್ಪಿಲ್ಲ’ ಎಂಬ ಮಾತಿಗಾಗಲಿ ಕಾಯ್ದೆಯಲ್ಲಿ ಆಧಾರವಿಲ್ಲ. ಕಳ್ಳಪ್ರತಿ ಎಂದು ಗೊತ್ತಿದ್ದೂ ಬಳಸುವುದಕ್ಕೆ 63ಬಿ ಕಲಮಿನಲ್ಲಿ 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸ ಬಿಟ್ಟು, 50 ಸಾವಿರದೊಳಗಿನ ದಂಡ ವಿಧಿಸಬಹುದು.

ಹಾಗಾದರೆ ನಮ್ಮದೇ ಕ್ಯಾಸೆಟ್ಟಿನಿಂದ ನಾವೇ ಪ್ರತಿ ತೆಗೆದುಕೊಂಡರೆ? ಇದಕ್ಕೆ ಕಾನೂನು ಬಾಗಿಲು ತೆರೆದಿದೆ. ನಷ್ಟ, ಹಾನಿಯಿಂದ ರಕ್ಷಿಸಲು ಕಾಪು ಪ್ರತಿ ಮಾಡಬಹುದು. ನ್ಯಾಯವಾಗಿ ಪಡೆದ ಪ್ರತಿಯಿಂದ ವ್ಯಾಪಾರವಲ್ಲದ ಸ್ವಂತ ಬಳಕೆಗೆ ನಕಲು ಮಾಡಬಹುದು. ಎರಡೂ 52ನೇ ಕಲಮಿನಲ್ಲೇ ಇವೆ.

ಆದರೆ ‘ನ್ಯಾಯವಾಗಿ ಪಡೆದ’ ಎಂಬ ಪದಗಳನ್ನು ಗಮನಿಸಿ. ನಮ್ಮ ಅಟ್ಟದಲ್ಲಿರುವುದು ಯಾವ ಕ್ಯಾಸೆಟ್? ‘168 ಇನ್ 1’, ‘99999 ಇನ್ 1’ ಎಂದು ಬರೆದದ್ದು. ಒಂದೇ ಆಟವನ್ನು ಬೇರೆ ಬೇರೆ ಹಂತದಿಂದ ಶುರು ಮಾಡಿಸಿ ಪಟ್ಟಿ ಬೆಳೆಸಿದ ಇಂಥ ಕ್ಯಾಸೆಟ್ಟುಗಳಿಗೆ ಮೂಲ ಕಂಪನಿಗಳ ಅನುಮತಿಯೇ ಇರಲಿಲ್ಲ. ತಂದೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡದ್ದು ನಿಜ; ಆದರೆ ಕೊಂಡದ್ದೇ ನಕಲನ್ನು. ಹೀಗಾಗಿ ಜಪಾನಿನವನಿಗೆ ತನ್ನ ಅಟ್ಟದ ಅಸಲಿ ಕ್ಯಾಸೆಟ್ ಆಧಾರವಾದರೆ, ಬೆಂಗಳೂರಿನವನಿಗೆ ಅವನ ಬಾಲ್ಯದ ಕ್ಯಾಸೆಟ್ಟೇ ಆಧಾರವಾಗದು. ಹಣ ಕೊಟ್ಟವರಿಗೆ ಮೋಸದ ಅರಿವೇ ಇರಲಿಲ್ಲ ಎಂಬುದು ಬೇರೆ ಮಾತು.

ಇದರಿಂದ ಇನ್ನೊಂದು ನಷ್ಟವೂ ಇದೆ. ಅಸಲಿ ಆಟಗಳನ್ನು ಉಳಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಮಾರುಕಟ್ಟೆಗೆ ಬಂದ ಈ ಬೆರಕೆ ಕ್ಯಾಸೆಟ್ಟುಗಳ ಪಟ್ಟಿ, ಅವುಗಳ ಪುಟ ತಿರುವುವ ವಿಚಿತ್ರ ಸರ್ಕ್ಯೂಟು, ಮೇಲಿನ ಚೀಟಿಯ ಚಿತ್ರ, ಇವನ್ನು ಯಾರು ದಾಖಲಿಸುತ್ತಾರೆ? ಈ ಊರಿನ ಎಷ್ಟೋ ಮಕ್ಕಳು ಕಂಪ್ಯೂಟರನ್ನು ಮೊದಲು ಮುಟ್ಟಿದ್ದು ಇದರ ಮೂಲಕವೇ. ಸಾರ್ವಜನಿಕ ಗ್ರಂಥಾಲಯವೊಂದು ತನ್ನಲ್ಲಿರುವ ಕೃತಿಯ ಡಿಜಿಟಲ್ ರೂಪದಲ್ಲಲ್ಲದ ಪ್ರತಿಯನ್ನು ರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಡಬಹುದು ಎಂದು 2012ರ ತಿದ್ದುಪಡಿ ಹೇಳುತ್ತದೆ. ಅದು ಪುಸ್ತಕವನ್ನು ಮನಸ್ಸಿನಲ್ಲಿಟ್ಟು ಬರೆದ ಮಾತು. ಹುಟ್ಟಿನಿಂದಲೇ ಡಿಜಿಟಲ್ ಆದ ಕ್ಯಾಸೆಟ್ ಅದರೊಳಗೆ ಸರಾಗವಾಗಿ ಕೂರುವುದಿಲ್ಲ. ಕಾಯ್ದೆ ಮುಂದೆ ತಿದ್ದುಪಡಿಯಾಗುವಾಗ ಈ ಒಂದು ಪದವನ್ನು ನೋಡಬೇಕೆಂಬುದು ನನ್ನ ವಿನಂತಿ.

ಅಲ್ಲಿಯವರೆಗೆ ಮಾಡಬಹುದಾದದ್ದು ಇಷ್ಟು. ಆಡುವ ಆಸೆಯಿದ್ದವರು ಮಾರಾಟಕ್ಕಿರುವ ಅಧಿಕೃತ ಆವೃತ್ತಿ ಕೊಳ್ಳಿ. ಕೊನಾಮಿ ಕಂಪನಿ 2019ರಲ್ಲಿ ಹಳೆಯ ಕಾಂಟ್ರಾ ಆಟಗಳ ಸಂಕಲನವನ್ನೇ ಹೊರತಂದಿತು. ಆ ಯಂತ್ರಕ್ಕೆಂದೇ ಇಂದಿನ ಹವ್ಯಾಸಿಗಳು ಬರೆದು ಉಚಿತವಾಗಿ ಹಂಚುವ ಹೊಸ ಆಟಗಳೂ ಇವೆ. ಸಾವಿರಾರು ಆಟ ತುಂಬಿದೆ ಎಂದು ಮಾರುವ ಅಗ್ಗದ ಪೆಟ್ಟಿಗೆಗಳಿಂದ ದೂರವಿರಿ. ಹಳೆಯ ಕ್ಯಾಸೆಟ್ಟಿಗೆ ಬಾಯಿಂದ ಊದಬೇಡಿ. ಉಸಿರಿನ ತೇವದಿಂದ ಲೋಹದ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ. ಮುಖ್ಯವಾಗಿ, ಗುಜರಿಯವನಿಗೆ ಹಾಕುವ ಮುನ್ನ ಅದರ ಫೋಟೊ ತೆಗೆದು, ಯಾವ ವರ್ಷ, ಯಾವ ಅಂಗಡಿ, ಎಷ್ಟು ಬೆಲೆ ಎಂದು ನೆನಪಿದ್ದಷ್ಟು ಬರೆದಿಡಿ. ಹಾಗೆ ಬರೆಯುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.