ಗರ್ಭಿಣಿಗೆ ಸ್ಕ್ಯಾನ್: ಹೆದರಿಕೆ ಬೇಡ, ತಡವೂ ಬೇಡ
(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ನಿವೃತ್ತ ಶಿಕ್ಷಕಿ. ಆದರೂ ಇಂದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಮಾತನಾಡಲು ನಿಂತಿದ್ದೇವೆ. ಅದಕ್ಕೆ ಕಾರಣವಿದೆ.

ಹಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಕಲಿತ ಒಬ್ಬಳು ಐದು ತಿಂಗಳ ಗರ್ಭಿಣಿಯಾಗಿದ್ದಾಗ ಮನೆಗೆ ಬಂದಿದ್ದಳು. ಆಗಾಗ ರಕ್ತ ಕಾಣಿಸುತ್ತಿತ್ತು. ಗಡ್ಡೆ ಇದೆಯೆಂದು ವೈದ್ಯರು ಎಂಆರ್‌ಐ ಮಾಡಿಸಲು ಬರೆದಿದ್ದರು. ಮಗುವಿಗೆ ತೊಂದರೆಯಾದೀತೆಂದು ಮನೆಯವರು ಹಿಂಜರಿದಿದ್ದರು. "ಟೀಚರ್, ಏನು ಮಾಡಲಿ?" ಎಂದು ಕೇಳಿದಳು. "ಹೆರಿಗೆಯಾಗಲಿ, ಆಮೇಲೆ ನೋಡುವ" ಎಂದೆವು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಆ ತಪ್ಪು ಮಾತು ನಮ್ಮದು.

ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇವೆ. ಅಲ್ಟ್ರಾಸೌಂಡ್ ಶಬ್ದದ ಅಲೆಗಳಿಂದ, ಎಂಆರ್‌ಐ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಚಿತ್ರ ತೆಗೆಯುತ್ತವೆ. ಎರಡರಲ್ಲೂ ಎಕ್ಸ್‌ರೇ ಇಲ್ಲ. ಗರ್ಭಿಣಿಗೆ ಸಾಮಾನ್ಯವಾಗಿ ಗ್ಯಾಡೋಲಿನಿಯಂ ಎಂಬ ಔಷಧದ ಚುಚ್ಚುಮದ್ದು ಕೊಡದೆಯೇ ಎಂಆರ್‌ಐ ಮಾಡುತ್ತಾರೆ. ಹೊಟ್ಟೆಯ ಸಿಟಿ ಮತ್ತು ಪೆಟ್ ಸ್ಕ್ಯಾನ್‌ಗಳನ್ನು ಆದಷ್ಟು ದೂರವಿಡುತ್ತಾರೆ.

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯುವುದು ಬಯಾಪ್ಸಿಯಿಂದ. ಗಡ್ಡೆ ಎಷ್ಟು ದೊಡ್ಡದು, ಅಕ್ಕಪಕ್ಕಕ್ಕೆ ಹರಡಿದೆಯೇ, ದುಗ್ಧಗ್ರಂಥಿಗಳು ಊದಿವೆಯೇ ಎಂದು ತೋರಿಸುವುದು ಎಂಆರ್‌ಐ. ಈ ಅಳತೆಯ ಮೇಲೆಯೇ ಮುಂದಿನ ತೀರ್ಮಾನ. ಗಡ್ಡೆ ಚಿಕ್ಕದಾಗಿದ್ದರೆ, ಆಗಾಗ ಪರೀಕ್ಷಿಸುತ್ತಾ ಮಗು ಬಲಿಯುವವರೆಗೆ ಕಾಯಲು ಸಾಧ್ಯವಾಗಬಹುದು. ದೊಡ್ಡದಿದ್ದರೆ ಮೊದಲ ಮೂರು ತಿಂಗಳು ಕಳೆದ ಮೇಲೆ ಕೀಮೋ ಕೊಟ್ಟು, ಬಳಿಕ ಸಿಸೇರಿಯನ್ ಮಾಡುವುದುಂಟು. ಮಗು ಹೊಟ್ಟೆಯಲ್ಲಿರುವಾಗ ಆ ಭಾಗಕ್ಕೆ ವಿಕಿರಣ ಚಿಕಿತ್ಸೆ ಕೊಡುವಂತಿಲ್ಲ. ಕೆಲವರ ವಿಷಯದಲ್ಲಿ ಕಾಯಲು ಸಮಯವೇ ಇರುವುದಿಲ್ಲ. ಅದನ್ನೂ ಬೇಗ ತಿಳಿಯಬೇಕು.

ಗರ್ಭಿಣಿಗೆ ರಕ್ತ ಕಂಡರೆ ಹೆಚ್ಚಿನ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ತಾಲೂಕು ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೂ ನೆರವಿದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಕೇಳಿ ಪಡೆಯಿರಿ. ಎಂಆರ್‌ಐ ಕೋಣೆಗೆ ಹೋಗುವ ಮೊದಲು ಬಳೆ, ಕಾಲುಂಗುರ, ತಲೆವಸ್ತ್ರದ ಪಿನ್ನು ತೆಗೆದಿಡಬೇಕು. ಪಿನ್ನಿಲ್ಲದ ಹತ್ತಿಯ ವಸ್ತ್ರ ಹೊದೆಯಬಹುದೇ ಎಂದು ಸಿಬ್ಬಂದಿಯನ್ನು ಧೈರ್ಯವಾಗಿ ಕೇಳಿ.

ದಾನಿಗಳಲ್ಲಿ ಒಂದು ವಿನಂತಿ. ಬೈಂದೂರಿನ ಬಡವಳು ಮಣಿಪಾಲಕ್ಕೆ ಹೋಗಿ ಬರುವುದೆಂದರೆ ಬಸ್ಸಿನ ಖರ್ಚಿನ ಜೊತೆಗೆ ಇಬ್ಬರ ಒಂದು ದಿನದ ಕೂಲಿಯೂ ಹೋಯಿತು. ಆ ಪ್ರಯಾಣ ಮತ್ತು ಸ್ಕ್ಯಾನಿನ ಖರ್ಚಿಗೆ ಒಂದು ಪಾಲು ತೆಗೆದಿಡೋಣ. 1906ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ಆಸ್ಪತ್ರೆಗೂ ಜಾಗ ಕೊಟ್ಟರು. ಜಾತಿ ಧರ್ಮ ನೋಡದೆ ಸಾವಿರಾರು ತಾಯಂದಿರು ಅಲ್ಲಿ ಹೆತ್ತಿದ್ದಾರೆ.

ಪೋಷಕರಲ್ಲೂ ಒಂದು ಮಾತು. ಪಿಯುಸಿ ವಿಜ್ಞಾನ ಓದಿದ ಹೆಣ್ಣುಮಕ್ಕಳಿಗೆ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂಬ ಪದವಿಯಿದೆ, ಮಣಿಪಾಲದಲ್ಲೇ ಕಲಿಯಬಹುದು. ಸ್ಕ್ಯಾನ್ ಕೋಣೆಯಲ್ಲಿ ನಮ್ಮ ಹುಡುಗಿಯೊಬ್ಬಳು ನಿಂತು "ಹೆದರಬೇಡಿ ಅಕ್ಕ" ಎಂದರೆ, ಹಿಂಜರಿಯುವ ಎಷ್ಟೋ ಮಂದಿ ಒಳಗೆ ಹೋದಾರು. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಇದನ್ನು ನೆನಪಿಡಿ.

"ಆಮೇಲೆ ನೋಡುವ" ಎಂದು ನಾವು ಇನ್ನು ಯಾರಿಗೂ ಹೇಳುವುದಿಲ್ಲ. ನೀವೂ ಹೇಳಬೇಡಿ.